ಹಬ್ಬಕ್ಕೆ ಪೋಸ್ಟ್ ಹಾಕಿದರೂ ಆರ್ಡರ್ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾನು ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ ಮನೆಯಲ್ಲೇ ಟೆರಾಕೋಟ ಜುಮ್ಕಿ, ಹಣತೆ, ತೂಗುವ ಗಂಟೆ ಮಾಡುತ್ತೇನೆ. ಪ್ರತಿ ಹಬ್ಬಕ್ಕೂ ಇನ್‌ಸ್ಟಾಗ್ರಾಮಿನಲ್ಲಿ ಪೋಸ್ಟ್ ಹಾಕುತ್ತೇನೆ. ಲೈಕ್ ಬರುತ್ತದೆ, ಆರ್ಡರ್ ಬರುವುದಿಲ್ಲ. ಯಾವಾಗ ಏನು ಹಾಕಬೇಕು ಅಂತ ಪ್ಲಾನ್ ಮಾಡುವುದು ಹೇಗೆ?

ಉತ್ತರ: ಹಬ್ಬದ ದಿನವೇ ಹಾಕುತ್ತಿದ್ದರೆ ತೊಂದರೆ ಅಲ್ಲೇ ಇದೆ. ದೀಪಾವಳಿಯ ಬೆಳಿಗ್ಗೆ ನಿಮ್ಮ ಹಣತೆ ನೋಡಿದವರು ಚೆಂದ ಇದೆ ಅಂತ ಲೈಕ್ ಒತ್ತಿ ಮುಂದೆ ಹೋಗುತ್ತಾರೆ. ಅವರು ಹಣತೆ ತಂದು ವಾರ ಆಗಿರುತ್ತದೆ. ಹಾಗಾಗಿ ಹಬ್ಬದಿಂದ ಹಿಂದಕ್ಕೆ ಎಣಿಸಿ.

ಕ್ರಿಸ್‌ಮಸ್ ಗಂಟೆಯನ್ನೇ ತೆಗೆದುಕೊಳ್ಳಿ. ಡಿಸೆಂಬರ್ 25ಕ್ಕೆ ಮುಂಬೈಯಲ್ಲಿರುವವರ ಕೈಗೆ ಸೇರಬೇಕಾದರೆ ಪಾರ್ಸೆಲ್ 15ರೊಳಗೆ ಹೊರಡಬೇಕು, ಆಮೇಲೆ ಕೊರಿಯರಿನವರಿಗೂ ರಶ್. ತಟ್ಟಿ, ನೆರಳಲ್ಲಿ ಒಣಗಿಸಿ, ಸುಟ್ಟು, ಬಣ್ಣ ಹಚ್ಚಲು ಎರಡು ವಾರ ಅಂತಿಟ್ಟುಕೊಳ್ಳಿ. ಅಂದರೆ ಡಿಸೆಂಬರ್ 1ಕ್ಕೆ ಆರ್ಡರ್ ಬಂದ್. ಜನ ಒಮ್ಮೆ ನೋಡಿದ ಕೂಡಲೇ ಕೊಳ್ಳುವುದಿಲ್ಲ. ಎರಡು ಮೂರು ಸಲ ಕಣ್ಣಿಗೆ ಬೀಳಬೇಕು. ಹಾಗಾಗಿ ಮೊದಲ ಫೋಟೋ ನವೆಂಬರ್ ಮಧ್ಯಕ್ಕೇ ಬರಬೇಕು. ಫೋಟೋ ತೆಗೆಯಲು ಸ್ಯಾಂಪಲ್ ಬೇಕಲ್ವಾ? ಅದನ್ನು ಮಾಡುವ ಹೊತ್ತಿಗೆ ನೀವು ದೀಪಾವಳಿ ಹಣತೆಯ ಗಡಿಬಿಡಿಯಲ್ಲಿ ಇರುತ್ತೀರಿ. ಆದ್ದರಿಂದ ಗಂಟೆಯ ಸ್ಯಾಂಪಲ್ ಸೆಪ್ಟೆಂಬರಿನಲ್ಲೇ ಮುಗಿಸಿಡಿ. ಇಂಥ ಇಕ್ಕಟ್ಟು ಮೊದಲೇ ಕಣ್ಣಿಗೆ ಬೀಳಲಿ ಅಂತಲೇ ಕ್ಯಾಲೆಂಡರ್ ಬೇಕಾಗಿರುವುದು. ಪೋಸ್ಟಿನ ಪ್ಲಾನ್ ಬೇರೆ, ಕೆಲಸದ ಪ್ಲಾನ್ ಬೇರೆ ಅಂತ ಮಾಡಬೇಡಿ.

ಅಂತರ್ಜಾಲದಲ್ಲಿ ಸಿಗುವ ರೆಡಿಮೇಡ್ ಹಬ್ಬದ ಪಟ್ಟಿಗಳನ್ನು ನಂಬಿ ಕೂರಬೇಡಿ. ಉಡುಪಿಯ ಕೃಷ್ಣ ಜನ್ಮಾಷ್ಟಮಿ ಸೌರಮಾನದ, ಅಂದರೆ ಸೂರ್ಯನ ಚಲನೆಯ ಲೆಕ್ಕ. 2025ರಲ್ಲಿ ಬೇರೆ ಕಡೆ ಆಗಸ್ಟ್ ಮಧ್ಯದಲ್ಲೇ ಮುಗಿದ ಅಷ್ಟಮಿ ಇಲ್ಲಿ ಬಂದದ್ದು ಸೆಪ್ಟೆಂಬರ್ 14ಕ್ಕೆ. ಕರಾವಳಿಯ ಕ್ಯಾಥೊಲಿಕರು ಆಚರಿಸುವ ಸೆಪ್ಟೆಂಬರ್ 8ರ ತೆನೆ ಹಬ್ಬ, ತುಳುವರ ಹೊಸ ವರ್ಷವಾದ ಏಪ್ರಿಲಿನ ಬಿಸು ಆ ಪಟ್ಟಿಗಳಲ್ಲಿ ಇರುವುದೇ ಕಡಿಮೆ. ಮನೆಯ ಗೋಡೆಯಲ್ಲಿರುವ ತುಳು ತಿಂಗಳ ಕ್ಯಾಲೆಂಡರೇ ಒಳ್ಳೆಯದು.

ಇನ್ನು ತುಳುವರ ಆಟಿ ತಿಂಗಳು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮದುವೆ ಇಲ್ಲ, ಬೆಳಕಿಲ್ಲ, ಮಣ್ಣು ಒಣಗುವುದೂ ಇಲ್ಲ. ಹೆಚ್ಚಿನವರು ಆಗ ಪೇಜನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಹಸಿ ಉಳಿದ ಮಣ್ಣನ್ನು ಸುಟ್ಟರೆ ಒಳಗಿನ ನೀರು ಆವಿಯಾಗಿ ತುಂಡು ಸಿಡಿಯುತ್ತದೆ. ಒಡೆದ ಒಂದು ಜುಮ್ಕಿಯನ್ನು ಅಂಗೈಯಲ್ಲಿಟ್ಟು, ಮಳೆಗಾಲದಲ್ಲಿ ಒಂದು ವಾರ ಜಾಸ್ತಿ ಯಾಕೆ ಕೇಳುತ್ತೀರಿ ಅಂತ ರೀಲ್ ಮಾಡಿ. ಮುಂದೆ ಯಾರೂ "ಇನ್ನೂ ಆಗ್ಲಿಲ್ವಾ?" ಅಂತ ಮುನಿಸಿಕೊಳ್ಳುವುದಿಲ್ಲ. ಮಾರುವ ಸಾಮಾನಿನ ಫೋಟೋ ಮಾತ್ರ ಮೇ ತಿಂಗಳೊಳಗೆ ಜಗಲಿಯ ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ.

ಒಬ್ಬರೇ ಮಾಡುವುದಾದರೆ ವಾರಕ್ಕೆ ಮೂರು ಪೋಸ್ಟ್ ಸಾಕು. ವಿಷಯಕ್ಕೆ ನಿಮ್ಮ ಇನ್‌ಬಾಕ್ಸ್ ತೆರೆಯಿರಿ. ಕಿವಿಗೆ ಭಾರ ಆಗುತ್ತಾ? ಬಿದ್ದರೆ ಒಡೆಯುತ್ತಾ? ಬೆವರಿಗೆ ಬಣ್ಣ ಹೋಗುತ್ತಾ? ಒಂದೊಂದು ಪ್ರಶ್ನೆಯೂ ಒಂದು ಪೋಸ್ಟ್. ರೇಟನ್ನು ಪೋಸ್ಟಿನಲ್ಲೇ ಬರೆಯಿರಿ, ದಯವಿಟ್ಟು. ಕೇಳಲು ಸಂಕೋಚಪಟ್ಟು ಹೋಗುವವರು ತುಂಬಾ ಜನ.

ಇನ್‌ಸ್ಟಾಗ್ರಾಮಿನಲ್ಲಿ ಪ್ರೊಫೆಷನಲ್ ಅಕೌಂಟ್ ಇದ್ದರೆ 75 ದಿನ ಮುಂಚಿತವಾಗಿ ಪೋಸ್ಟ್ ಶೆಡ್ಯೂಲ್ ಮಾಡಿಡಬಹುದು, ದುಡ್ಡು ಕೊಡಬೇಕಿಲ್ಲ. ಭಾನುವಾರ ಕೂತು ಎರಡು ವಾರದ್ದು ಹಾಕಿಡಿ. ವಾಟ್ಸಾಪ್ ಸ್ಟೇಟಸ್ 24 ಗಂಟೆಯಲ್ಲಿ ಮಾಯ. ಹಾಗಾಗಿ "ಆರ್ಡರಿಗೆ ಇನ್ನು ಮೂರೇ ದಿನ" ಅನ್ನುವಂಥದ್ದನ್ನು ಅಲ್ಲಿ ದಿನಾ ಹಾಕಿ. ನಿಮ್ಮಿಂದ ಹಿಂದೆ ಕೊಂಡವರ ಹತ್ತಿರ ನಿಮ್ಮ ನಂಬರ್ ಇದೆ, ಮೊದಲು ನೋಡುವವರೂ ಅವರೇ.