ಮುಖ ಮುಚ್ಚುವ ಬುರ್ಖಾಕ್ಕೆ ನಿಷೇಧ: ಕಾನೂನು ಒಂದೇ, ಕಾರಣ ಮಾತ್ರ ಬದಲಾಗುತ್ತಾ ಬಂತು

ಯಾವುದೋ ದೇಶ ಬುರ್ಖಾ ನಿಷೇಧಿಸಿತು ಎಂಬ ಸುದ್ದಿ ಬಂದರೆ ಸಾಕು, ನಮ್ಮಲ್ಲೂ ವಾದ ಶುರುವಾಗುತ್ತದೆ. ಒಬ್ಬರು ಭದ್ರತೆ ಎನ್ನುತ್ತಾರೆ. ಇನ್ನೊಬ್ಬರು ಧರ್ಮದ ಸ್ವಾತಂತ್ರ್ಯ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಮಾತು ಉಡುಪಿಯ ಕಾಲೇಜಿಗೆ ಬಂದು ನಿಲ್ಲುತ್ತದೆ. ಆದರೆ ಉಡುಪಿಯಲ್ಲಿ ನಡೆದದ್ದು ತಲೆಗೆ ಕಟ್ಟುವ ಬಟ್ಟೆಯ ವಿವಾದ. ಅಲ್ಲಿ ಮುಖ ಕಾಣುತ್ತಿತ್ತು. ಯುರೋಪಿನಲ್ಲಿ ಬೀದಿಗೂ ಅನ್ವಯವಾಗುವಂತೆ ಬಂದ ಕಾನೂನುಗಳು ಮುಖವನ್ನೇ ಮುಚ್ಚುವ ನಿಖಾಬ್ ಮತ್ತು ಬುರ್ಖಾಕ್ಕೆ ಸಂಬಂಧಿಸಿದವು. ಈ ಎರಡನ್ನೂ ಬೆರೆಸಿದರೆ ಯಾವುದೂ ಅರ್ಥವಾಗುವುದಿಲ್ಲ.

ಈ ಚರ್ಚೆ ಹೆಚ್ಚು ಬೆಳೆದದ್ದು ಫ್ರಾನ್ಸ್‌ನಲ್ಲಿ. ಆಮೇಲೆ ಬಂದ ದೇಶಗಳು ಬಹುಪಾಲು ಅದರ ದಾರಿಯನ್ನೇ ನೋಡಿಕೊಂಡವು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಫ್ರಾನ್ಸ್ 1905ರಲ್ಲಿ ಸರ್ಕಾರ ಮತ್ತು ಧರ್ಮವನ್ನು ಕಾನೂನಿನ ಮೂಲಕ ಬೇರೆ ಮಾಡಿತು. ಆಗ ಎದುರಿಗಿದ್ದದ್ದು ಕ್ಯಾಥೊಲಿಕ್ ಚರ್ಚಿನ ಹಿಡಿತ. ಮುಸ್ಲಿಂ ಹೆಣ್ಣುಮಕ್ಕಳ ಬಟ್ಟೆ ದೊಡ್ಡ ಸುದ್ದಿಯಾಗಲು 1989ರವರೆಗೆ ಕಾಯಬೇಕಾಯಿತು. ಆ ವರ್ಷ ಪ್ಯಾರಿಸ್‌ನ ಉತ್ತರಕ್ಕಿರುವ ಕ್ರೇಯ್ ಎಂಬ ಊರಿನ ಶಾಲೆಯೊಂದು, ತಲೆವಸ್ತ್ರ ತೆಗೆಯಲು ಒಪ್ಪದ ಮೂವರು ಹುಡುಗಿಯರನ್ನು ಹೊರಗಿಟ್ಟಿತು. ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ಆಗ ಸಮಾಧಾನದ ಸಲಹೆ ಕೊಟ್ಟಿತು. ಧಾರ್ಮಿಕ ಗುರುತು ಧರಿಸಿದ ಮಾತ್ರಕ್ಕೆ ತಪ್ಪಲ್ಲ, ಪಾಠಕ್ಕೆ ಅಡ್ಡಿಯಾದರೆ ಮಾತ್ರ ಕ್ರಮ ಕೈಗೊಳ್ಳಿ ಎಂದಿತು. ಹದಿನೈದು ವರ್ಷ ಹೀಗೇ ಎಳೆದಾಡಿ, 2004ರ ಮಾರ್ಚ್ 15ರ ಕಾನೂನು ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಎಲ್ಲ ಧಾರ್ಮಿಕ ಗುರುತುಗಳನ್ನೂ ನಿಷೇಧಿಸಿತು. ಸಿಖ್ ಹುಡುಗರ ಪೇಟವೂ ಅದರಲ್ಲಿ ಸಿಕ್ಕಿಬಿತ್ತು.

ಇಲ್ಲಿಯವರೆಗಿನ ಮಾತು ಶಾಲೆಯದ್ದು, ಮಕ್ಕಳದ್ದು. ಬೀದಿಗೆ ಬಂದದ್ದು ಆಮೇಲೆ.

2009ರ ಜೂನ್ 22ರಂದು ಅಧ್ಯಕ್ಷ ನಿಕೊಲಾ ಸರ್ಕೋಜಿ ವರ್ಸೈಲ್ಸ್‌ನಲ್ಲಿ ಸಂಸತ್ತಿನ ಎರಡೂ ಸದನಗಳನ್ನು ಉದ್ದೇಶಿಸಿ ಮಾತಾಡಿದರು. ಬುರ್ಖಾಕ್ಕೆ ಫ್ರಾನ್ಸ್‌ನಲ್ಲಿ ಸ್ವಾಗತವಿಲ್ಲ, ಅದು ಧರ್ಮದ ಪ್ರಶ್ನೆಯಲ್ಲ, ಹೆಣ್ಣಿನ ಘನತೆಯ ಪ್ರಶ್ನೆ ಎಂದರು. ಅದರ ಬೆನ್ನಲ್ಲೇ ಕಮ್ಯುನಿಸ್ಟ್ ಸಂಸದ ಆಂದ್ರೆ ಜೆರಾಂ ನೇತೃತ್ವದಲ್ಲಿ ಸಂಸದೀಯ ಸಮಿತಿಯೊಂದು ರಚನೆಯಾಯಿತು. ಇದು ಬರೀ ಬಲಪಂಥದ ಕೂಗಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಸಮಿತಿಯ ವರದಿ ಬಂದದ್ದು 2010ರ ಜನವರಿಯಲ್ಲಿ. ಅದರ ಪ್ರಕಾರ ಇಡೀ ಫ್ರಾನ್ಸ್‌ನಲ್ಲಿ ಮುಖ ಮುಚ್ಚಿಕೊಳ್ಳುವ ಹೆಂಗಸರು ಸುಮಾರು 1,900. ಆರು ಕೋಟಿಗೂ ಹೆಚ್ಚು ಜನರಿರುವ ದೇಶ ಅದು. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ 40 ದಾಟದವರು. ಮೂವರಲ್ಲಿ ಇಬ್ಬರು ಫ್ರಾನ್ಸ್‌ನ ಪ್ರಜೆಗಳೇ. ನಾಲ್ವರಲ್ಲಿ ಒಬ್ಬರು ಇಸ್ಲಾಂಗೆ ಮತಾಂತರವಾದವರು. ಹೊರಗಿನಿಂದ ಬಂದ ಹಳೇ ತಲೆಮಾರಿನ ಪದ್ಧತಿ ಇದು ಎಂದುಕೊಂಡವರ ಚಿತ್ರಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಘಟ್ಟ 2010ರ ಮಾರ್ಚ್. ಸರ್ಕಾರ ಅದೇ ಆಡಳಿತ ನ್ಯಾಯಾಲಯದ ಸಲಹೆ ಕೇಳಿತು. ಎಲ್ಲೆಡೆ ಪೂರ್ತಿ ನಿಷೇಧಕ್ಕೆ ಗಟ್ಟಿಯಾದ ಕಾನೂನಿನ ನೆಲೆ ಸಿಗುತ್ತಿಲ್ಲ ಎಂದು ಅದು ನೇರವಾಗಿ ಹೇಳಿತು. ಸುಮ್ನೆ ಬೇಡ ಎಂದು ಕೈತೊಳೆದುಕೊಳ್ಳಲಿಲ್ಲ, ಬೇರೆ ದಾರಿಯನ್ನೂ ತೋರಿಸಿತು. ಗುರುತು ಪತ್ತೆ ಅಗತ್ಯವಿರುವ ಜಾಗಗಳಲ್ಲಿ, ವಂಚನೆ ತಡೆಯಬೇಕಾದ ಕಡೆಗಳಲ್ಲಿ ಮುಖ ತೋರಿಸಲೇಬೇಕು ಎಂಬ ನಿಯಮ ಮಾಡಬಹುದು ಎಂದಿತು. ಭದ್ರತೆಯ ಭಯ ಸುಳ್ಳಾಗಿರಲಿಲ್ಲ. ಅದೇ ವರ್ಷ ಪ್ಯಾರಿಸ್ ಬಳಿ ಮುಸುಕು ಹಾಕಿಕೊಂಡ ಇಬ್ಬರು ಅಂಚೆ ಕಚೇರಿಯೊಂದನ್ನು ದೋಚಿದ್ದರು. ಆ ಭಯಕ್ಕೆ ಸರಿಯಾದ ಅಳತೆಯ ಉತ್ತರ ಈ ಸಲಹೆಯಲ್ಲಿತ್ತು. ಅದನ್ನು ಬದಿಗಿಟ್ಟು ಮಸೂದೆ ಮುಂದೆ ಹೋಯಿತು.

ಜುಲೈ 13ರಂದು ಕೆಳಮನೆಯಲ್ಲಿ ಪರವಾಗಿ 335 ಮತ, ವಿರೋಧವಾಗಿ ಒಂದು. ಸೆಪ್ಟೆಂಬರ್ 14ರಂದು ಸೆನೆಟ್‌ನಲ್ಲಿ 246ಕ್ಕೆ ಒಂದು. ಕೆಳಮನೆಯಲ್ಲಿ ಸೋಷಿಯಲಿಸ್ಟ್ ಸದಸ್ಯರಲ್ಲಿ ಹೆಚ್ಚಿನವರು ಮತ ಹಾಕಲೇ ಇಲ್ಲ. ಒಪ್ಪಿಗೆಯೂ ಇಲ್ಲ, ಎದುರು ನಿಲ್ಲುವ ಧೈರ್ಯವೂ ಇಲ್ಲ ಎಂಬ ಸ್ಥಿತಿ ಅದು. ಸಾಂವಿಧಾನಿಕ ಮಂಡಳಿ ಅಕ್ಟೋಬರ್‌ನಲ್ಲಿ ಒಪ್ಪಿತು. ಆದರೆ ಜನರಿಗೆ ತೆರೆದಿರುವ ಪ್ರಾರ್ಥನಾ ಸ್ಥಳಗಳಿಗೆ ಇದು ಅನ್ವಯವಾಗಬಾರದು ಎಂದಿತು.

2011ರ ಏಪ್ರಿಲ್ 11ರಿಂದ ಕಾನೂನು ಜಾರಿಗೆ ಬಂತು. ಅದರ ಒಕ್ಕಣೆಯಲ್ಲಿ ಇಸ್ಲಾಂ ಎಂಬ ಪದವಿಲ್ಲ. ಸಾರ್ವಜನಿಕ ಜಾಗದಲ್ಲಿ ಯಾರೂ ಮುಖ ಮರೆಸುವ ಉಡುಗೆ ಧರಿಸುವಂತಿಲ್ಲ, ಅಷ್ಟೇ. ಹೆಲ್ಮೆಟ್, ಆರೋಗ್ಯದ ಕಾರಣ, ಆಟ, ಹಬ್ಬ, ಕಲಾ ಪ್ರದರ್ಶನಗಳಿಗೆ ವಿನಾಯಿತಿ ಇದೆ. ಮುರಿದರೆ 150 ಯೂರೊವರೆಗೆ ದಂಡ, ಇಲ್ಲವೇ ಪೌರತ್ವದ ಪಾಠ, ಅಥವಾ ಎರಡೂ. ಹೆಂಗಸೊಬ್ಬಳನ್ನು ಬಲವಂತವಾಗಿ ಮುಖ ಮುಚ್ಚಿಸಿದರೆ ಒಂದು ವರ್ಷ ಜೈಲು ಮತ್ತು 30,000 ಯೂರೊ ದಂಡ.

ಬಲವಂತದ ವಿರುದ್ಧದ ಆ ಎರಡನೇ ಭಾಗವೇ ನಿಜವಾಗಿ ಬೇಕಿದ್ದದ್ದು. ಗಂಡನ ಒತ್ತಾಯಕ್ಕೋ ಅಣ್ಣನ ಹೆದರಿಕೆಗೋ ಮುಖ ಮುಚ್ಚಿಕೊಳ್ಳುವ ಹುಡುಗಿಯರು ಇದ್ದಾರೆ. ಅವರ ಕಷ್ಟವನ್ನು ತಳ್ಳಿಹಾಕಿ ಸ್ವಾತಂತ್ರ್ಯದ ಮಾತಾಡುವುದು ಸರಿಯಲ್ಲ. ಆದರೆ ಆ ಕಲಮು ಕೆಲಸ ಮಾಡಬೇಕಾದರೆ ಹುಡುಗಿ ತನ್ನ ಮನೆಯವರ ಮೇಲೇ ದೂರು ಕೊಡಬೇಕು. ಅದು ಎಷ್ಟು ಕಷ್ಟ ಎಂದು ಯಾವ ಊರಿನವರಿಗೂ ಹೇಳಬೇಕಿಲ್ಲ. ಬೀದಿಯಲ್ಲಿ ದಂಡ ಬೀಳುವುದು ಮಾತ್ರ ಅವಳಿಗೇ. ಬಲವಂತ ನಿಜವಾಗಿದ್ದರೆ ದಂಡದ ಭಯಕ್ಕೆ ಅವಳು ಮನೆಯಲ್ಲೇ ಉಳಿಯುತ್ತಾಳೆ, ಅಲ್ವಾ?

2013ರ ಜುಲೈನಲ್ಲಿ ಪ್ಯಾರಿಸ್ ಸಮೀಪದ ತ್ರಾಪ್‌ನಲ್ಲಿ ಪೊಲೀಸರು ಮುಸುಕು ಹಾಕಿದ ಹೆಂಗಸೊಬ್ಬಳನ್ನು ತಡೆದು ಗುರುತು ಕೇಳಿದರು. ಅಲ್ಲಿ ಏನಾಯಿತು ಎಂಬ ಬಗ್ಗೆ ಪೊಲೀಸರದ್ದು ಒಂದು ಕಥೆ, ಕುಟುಂಬದ್ದು ಇನ್ನೊಂದು. ಆಮೇಲೆ ಊರಿನಲ್ಲಿ ಗಲಭೆ ಎದ್ದಿತು, ಪೊಲೀಸ್ ಠಾಣೆಯ ಮುಂದೆ ಘರ್ಷಣೆ ನಡೆಯಿತು.

ಇಷ್ಟರಲ್ಲಿ ಪಾಕಿಸ್ತಾನ ಮೂಲದ ಫ್ರೆಂಚ್ ಯುವತಿಯೊಬ್ಬರು ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿದ್ದರು. ಅವರ ಮಾತು ಕೇಳಬೇಕು. ತನ್ನನ್ನು ಯಾರೂ ಬಲವಂತ ಮಾಡಿಲ್ಲ, ಸದಾಕಾಲ ನಿಖಾಬ್ ಹಾಕುವುದೂ ಇಲ್ಲ, ಬ್ಯಾಂಕಿನಲ್ಲೋ ವಿಮಾನ ನಿಲ್ದಾಣದಲ್ಲೋ ಭದ್ರತಾ ತಪಾಸಣೆಗೆ ಕೇಳಿದರೆ ಮುಖ ತೋರಿಸುತ್ತೇನೆ ಎಂದರು. ಅಂದರೆ ಭದ್ರತೆಯ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಿದ್ದರು.

2014ರ ಜುಲೈ 1ರ ತೀರ್ಪನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಹೇಳಿಕೊಳ್ಳುತ್ತಾರೆ. ನಿಷೇಧ ಉಳಿಯಿತು, 15 ನ್ಯಾಯಮೂರ್ತಿಗಳು ಪರ, ಇಬ್ಬರು ವಿರೋಧ. ಆದರೆ ಯಾವ ಕಾರಣಕ್ಕೆ ಉಳಿಯಿತು ಎಂಬುದನ್ನು ಓದಬೇಕು. ದೇಶದಲ್ಲಿ ಸಾಮಾನ್ಯ ಅಪಾಯವಿದೆ ಎಂದು ತೋರಿಸದೆ ಭದ್ರತೆಯ ಹೆಸರಲ್ಲಿ ಎಲ್ಲೆಡೆ ನಿಷೇಧ ಹೇರುವುದು ಅತಿಯಾಯಿತು ಎಂದಿತು ನ್ಯಾಯಾಲಯ. ಹೆಂಗಸರೇ ಸಮರ್ಥಿಸುವ ಆಚರಣೆಯನ್ನು ಹೆಣ್ಣು ಗಂಡಿನ ಸಮಾನತೆಯ ಹೆಸರಲ್ಲಿ ನಿಷೇಧಿಸಲಾಗದು ಎಂದಿತು. ಘನತೆಯ ವಾದವನ್ನೂ ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು ಒಂದನ್ನೇ. ಜನ ಒಬ್ಬರ ಮುಖ ಒಬ್ಬರು ನೋಡಿ ಕೂಡಿ ಬಾಳುವುದು ಸಮಾಜಕ್ಕೆ ಬೇಕು, ಅದನ್ನು ಕಾಪಾಡಲು ಫ್ರಾನ್ಸ್‌ಗೆ ಅವಕಾಶವಿದೆ ಎಂದಿತು. ಇದು ತೀರಾ ಮಸುಕಾದ ಕಾರಣ, ಮಾನವ ಹಕ್ಕುಗಳ ಒಪ್ಪಂದದಲ್ಲಿ ಇಂಥ ಹಕ್ಕೇ ಇಲ್ಲ ಎಂದು ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಬರೆದರು.

ಸಂಸತ್ತಿನಲ್ಲಿ ಜೋರಾಗಿ ಕೇಳಿದ ಎರಡು ಕಾರಣಗಳು, ಭದ್ರತೆ ಮತ್ತು ಹೆಣ್ಣಿನ ಘನತೆ, ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನಿಂತದ್ದು ಅಳೆಯಲಾಗದ ಮೂರನೆಯದು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ದಂಡ ತೆತ್ತ ಇಬ್ಬರು ಮಹಿಳೆಯರ ದೂರು ಕೇಳಿ, ಫ್ರಾನ್ಸ್ ಅವರ ಧರ್ಮಸ್ವಾತಂತ್ರ್ಯ ಮುರಿದಿದೆ ಎಂದಿತು. ಕಾನೂನು ಬದಲಾಗಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಫ್ರಾನ್ಸ್‌ನಲ್ಲಿ ಎಲ್ಲರೂ ಮಾಸ್ಕ್ ಹಾಕಲೇಬೇಕಾಯಿತು. ಕೋಟ್ಯಂತರ ಜನ ಅರ್ಧ ಮುಖ ಮುಚ್ಚಿಕೊಂಡು ಅಂಗಡಿ, ಕಚೇರಿ, ರೈಲಿನಲ್ಲಿ ಓಡಾಡಿದರು. ಆಗಲೂ ನಿಷೇಧ ಹಾಗೇ ಇತ್ತು.

ಫ್ರಾನ್ಸ್ ನಂತರ ಬೆಲ್ಜಿಯಂ, ಆಸ್ಟ್ರಿಯಾ, ಡೆನ್ಮಾರ್ಕ್ ಪೂರ್ತಿ ನಿಷೇಧ ತಂದವು. ನೆದರ್ಲೆಂಡ್ಸ್ 2019ರಲ್ಲಿ ಶಾಲೆ, ಆಸ್ಪತ್ರೆ, ಸರ್ಕಾರಿ ಕಟ್ಟಡ, ಬಸ್ಸು ರೈಲಿಗಷ್ಟೇ ಸೀಮಿತ ಮಾಡಿತು. ಸ್ವಿಟ್ಜರ್ಲೆಂಡ್‌ನಲ್ಲಿ 2021ರ ಜನಮತದಲ್ಲಿ ಶೇ 51.2 ಮಂದಿ ಹೌದು ಎಂದರು, 2025ರ ಜನವರಿ 1ರಿಂದ ಜಾರಿಯಾಯಿತು.

ಭದ್ರತೆಯ ವಾದಕ್ಕೆ ಜಾಸ್ತಿ ಬಲವಿರುವುದು ಯುರೋಪಿನಲ್ಲಲ್ಲ, ಆಫ್ರಿಕಾದ ಚಾಡ್‌ನಂಥ ಕಡೆ. ಅದು ಮುಸ್ಲಿಮರೇ ಜಾಸ್ತಿ ಇರುವ ದೇಶ. 2015ರ ಜೂನ್‌ನಲ್ಲಿ ರಾಜಧಾನಿ ಎನ್‌ಜಮೇನಾದಲ್ಲಿ ಬಾಂಬ್ ಸ್ಫೋಟವಾದ ಮೇಲೆ ಅಲ್ಲಿ ಮುಖಪರದೆ ನಿಷೇಧಿಸಿದರು. ಮುಂದಿನ ತಿಂಗಳೇ ಹೆಣ್ಣಿನಂತೆ ಮುಸುಕು ಧರಿಸಿದ ಗಂಡಸೊಬ್ಬ ಮಾರುಕಟ್ಟೆಯ ಬಾಗಿಲಲ್ಲಿ ಬಾಂಬ್ ಸಿಡಿಸಿದ. ಭಯ ನಿಜ ಎಂದೂ ಇದು ಹೇಳುತ್ತದೆ, ಸಾಯಲು ಹೊರಟವನನ್ನು ನಿಷೇಧ ತಡೆಯುವುದಿಲ್ಲ ಎಂದೂ ಹೇಳುತ್ತದೆ. ಶ್ರೀಲಂಕಾ 2019ರ ಈಸ್ಟರ್ ದಾಳಿಯ ನಂತರ ತುರ್ತು ನಿಯಮದಡಿ ಮುಖ ಮುಚ್ಚುವುದನ್ನು ತಡೆಯಿತು. ಸಿಸಿಟಿವಿಯಲ್ಲಿ ಕಂಡ ದಾಳಿಕೋರರು ಬೆನ್ನಿಗೆ ಚೀಲ ಹಾಕಿಕೊಂಡ, ಮುಖ ತೆರೆದ ಗಂಡಸರು.

ಭಾರತದಲ್ಲಿ ಕಥೆ ಬೇರೆ ದಾರಿ ಹಿಡಿದಿದೆ. ನಮ್ಮ ನ್ಯಾಯಾಲಯಗಳು ಮೊದಲು ಕೇಳುವುದು, ಇದು ಆ ಧರ್ಮಕ್ಕೆ ಅತ್ಯಗತ್ಯವೇ ಎಂದು. ತಲೆವಸ್ತ್ರದ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು, ಅತ್ಯಗತ್ಯವಲ್ಲ ಎಂದು ತೀರ್ಪು ಕೊಟ್ಟು ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಬರೆದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ, ಇದು ಹುಡುಗಿಯ ಆಯ್ಕೆಯ ಮತ್ತು ಓದಿನ ಪ್ರಶ್ನೆ ಎಂದರು. ಒಮ್ಮತ ಬಾರದ್ದರಿಂದ ಪ್ರಕರಣವನ್ನು ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಇಬ್ಬರೂ ಹೇಳಿದರು.

ಮುಖ ಮುಚ್ಚುವ ವಿಷಯದಲ್ಲಿ ಮುಸ್ಲಿಂ ಸಮುದಾಯದೊಳಗೇ ಒಮ್ಮತವಿಲ್ಲ. 2019ರಲ್ಲಿ ಕೇರಳದ ಮುಸ್ಲಿಂ ಎಜುಕೇಷನಲ್ ಸೊಸೈಟಿ ತನ್ನ ಕಾಲೇಜುಗಳಲ್ಲಿ ಮುಖಪರದೆ ಬೇಡ ಎಂದು ಸುತ್ತೋಲೆ ಹೊರಡಿಸಿತು. ಕೆಲವು ಉಲೇಮಾಗಳು ವಿರೋಧಿಸಿದರು.

ಇನ್ನು ಗುರುತಿನ ಪ್ರಶ್ನೆಯನ್ನು ನಮ್ಮ ಚುನಾವಣೆಗಳು ಬಹಳ ಹಿಂದೆಯೇ ಎದುರಿಸಿವೆ. ಮತದಾರರ ಪಟ್ಟಿಯಲ್ಲಿ ಪರದೆ ಹಾಕುವ ಹೆಂಗಸರ ಫೋಟೊ ಬೇಡ ಎಂಬ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ 2006ರಲ್ಲಿ ತಳ್ಳಿಹಾಕಿತು. ಹಾಗಾಗಿ ಫೋಟೊದಲ್ಲಿ ಮುಖ ಕಾಣಲೇಬೇಕು. ಮತಗಟ್ಟೆಯಲ್ಲಿ ಅವರ ಗುರುತು ನೋಡಿ ಬೆರಳಿಗೆ ಶಾಯಿ ಹಚ್ಚಲು ಮಹಿಳಾ ಸಿಬ್ಬಂದಿಯನ್ನು ನೇಮಿಸಿ, ಪ್ರತ್ಯೇಕ ಮರೆ ಮಾಡಬೇಕು ಎಂದು ಚುನಾವಣಾ ಆಯೋಗದ ಕೈಪಿಡಿ ಹೇಳುತ್ತದೆ. 2010ರಲ್ಲಿ ಫ್ರಾನ್ಸ್‌ನ ಆಡಳಿತ ನ್ಯಾಯಾಲಯ ತೋರಿಸಿದ ದಾರಿಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಇದಕ್ಕೆ ಬೇಕಿರುವುದು ಪ್ರತಿ ಮತಗಟ್ಟೆಯಲ್ಲೂ, ಪ್ರತಿ ತಪಾಸಣೆ ಜಾಗದಲ್ಲೂ ಕೆಲಸ ಗೊತ್ತಿರುವ ಒಬ್ಬ ಮಹಿಳಾ ಸಿಬ್ಬಂದಿ.