ಗಾಯ ಮಾಯುವ ಹೊತ್ತು, ಮಲಗಿದ ಕೋಶಗಳು

"ಕತ್ತಿ ತಾಗಿದ್ರೆ ಗಡ್ಡೆ ಹರಡುತ್ತಂತೆ, ಹೌದಾ ಡಾಕ್ಟ್ರೇ?" ಸ್ತನದ ಆಪರೇಷನ್‌ಗೆ ದಿನ ಗೊತ್ತಾದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಹೆಚ್ಚಾಗಿ ರೋಗಿಯಲ್ಲ, ಜೊತೆಗೆ ಬಂದ ಅತ್ತೆಯೋ ಚಿಕ್ಕಮ್ಮನೋ. ಮೊದಲೆಲ್ಲ ಸುಮ್ನೆ ನಕ್ಕು ಬಿಡುತ್ತಿದ್ದೆ. ಈಗ ಕೂತು ಮಾತಾಡುತ್ತೇನೆ.

ಕತ್ತಿ ತಾಗಿದ್ದಕ್ಕೆ, ಗಾಳಿ ಸೋಕಿದ್ದಕ್ಕೆ ಕ್ಯಾನ್ಸರ್ ಹರಡುವುದಿಲ್ಲ. ತೆಗೆಯದೆ ಬಿಟ್ಟರೆ ಹರಡುತ್ತದೆ. ಆದರೆ ಕೆಲವರಲ್ಲಿ ಗಡ್ಡೆ ಕೈಗೆ ಸಿಗುವಷ್ಟರಲ್ಲೇ ಒಂದಷ್ಟು ಕೋಶಗಳು ರಕ್ತದ ಜೊತೆ ಹೋಗಿ ಮೂಳೆಮಜ್ಜೆಯಲ್ಲೋ ಶ್ವಾಸಕೋಶದಲ್ಲೋ ಮಲಗಿಬಿಟ್ಟಿರುತ್ತವೆ. ಸ್ಕ್ಯಾನ್‌ಗೂ ಕಾಣುವುದಿಲ್ಲ. ನಮ್ಮ ಬಿಳಿ ರಕ್ತಕಣಗಳು, ಅದರಲ್ಲೂ ಟಿ ಕೋಶಗಳು, ಅವನ್ನು ಕಾಯುತ್ತಿರುತ್ತವೆ.

ಇನ್ನು ಗಾಯ. ಹೊಲಿಗೆ ಹಾಕಿದ ಜಾಗ ಮಾಯಬೇಕಾದರೆ ಹೊಸ ರಕ್ತನಾಳ ಬೇಕು, ಕೋಶಗಳು ಬೇಗ ಬೇಗ ಹೆಚ್ಚಬೇಕು, ಉರಿಯೂತ ಸ್ವಲ್ಪವಾದರೂ ಇರಬೇಕು. ಕ್ಯಾನ್ಸರ್‌ಗೆ ಬೇಕಾದದ್ದೂ ಇದೇ! ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಕ್ಯಾನ್ಸರ್ ಗಡ್ಡೆಯನ್ನು ಮಾಯದ ಗಾಯ ಎಂದು ಕರೆದಿದ್ದರು. ಆಪರೇಷನ್ ಆದ ಮೇಲೆ ಡ್ರೇನ್ ಟ್ಯೂಬಿನಲ್ಲಿ ಕೆಂಪು ನೀರು ಬರುತ್ತದೆ, ಅಲ್ವಾ? 2003ರಲ್ಲಿ ಇಟಲಿಯ ಸಂಶೋಧಕರು ಅದನ್ನು ಲ್ಯಾಬಿನಲ್ಲಿ ಸ್ತನ ಕ್ಯಾನ್ಸರ್ ಕೋಶಗಳಿಗೆ ಹಾಕಿ ನೋಡಿದರು. ಹರ್-2 ಎಂಬ, ಬೆಳೆಯಲು ಸೂಚನೆ ಕೊಡುವ ಪ್ರೋಟೀನ್ ಜಾಸ್ತಿ ಇದ್ದ ಕೋಶಗಳು ಚುರುಕಾಗಿ ಬೆಳೆದವು.

2018ರಲ್ಲಿ ಅಮೆರಿಕದ ಕ್ಯಾನ್ಸರ್ ವಿಜ್ಞಾನಿ ರಾಬರ್ಟ್ ವೈನ್‌ಬರ್ಗ್ ಅವರ ತಂಡ ಇಲಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ಸ್ವಾರಸ್ಯ. ಟಿ ಕೋಶಗಳ ಕಾವಲಿನಲ್ಲಿ ಬೆಳೆಯದೆ ಇದ್ದ ಕ್ಯಾನ್ಸರ್, ದೇಹದ ಬೇರೆಲ್ಲೋ ಗಾಯ ಮಾಡಿದರೂ ಬೆಳೆಯತೊಡಗಿತು. ಗಾಯದ ರಿಪೇರಿಗೆ ಹೊರಟ ಉರಿಯೂತದ ಕೋಶಗಳು ಆ ಕಾವಲನ್ನು ಸಡಿಲ ಮಾಡಿದ್ದವು. ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧಿ ಕೊಟ್ಟ ಇಲಿಗಳಲ್ಲಿ ಈ ತೊಂದರೆ ಕಡಿಮೆಯಾಯಿತು.

ಹಾಗಾದರೆ ನಮಗೂ ಆ ಮಾತ್ರೆ ಬರೆದುಕೊಡಿ ಅನ್ನಬೇಡಿ. ಇಲಿ ಬೇರೆ, ನಾವು ಬೇರೆ. ಅದೇ ಜಾತಿಯ ಕೆಟೊರೊಲ್ಯಾಕ್ ಇಂಜೆಕ್ಷನ್ ಪಡೆದವರಲ್ಲಿ ರೋಗ ಮರುಕಳಿಸಿದ್ದು ಕಡಿಮೆ ಎಂದು ಬೆಲ್ಜಿಯಂನ ಹಳೆಯ ಕೇಸ್ ಫೈಲುಗಳು ಹೇಳಿದ್ದವು. ಸರಿಯಾಗಿ ಟ್ರಯಲ್ ಮಾಡಿ ಒಂದು ಡೋಸ್ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಮೇಲಾಗಿ ಇಂಥ ಮಾತ್ರೆ ಆಪರೇಷನ್ ಹೊತ್ತಿಗೆ ರಕ್ತಸ್ರಾವ ಹೆಚ್ಚಿಸಬಹುದು, ಕಿಡ್ನಿಗೂ ಪೆಟ್ಟು.

ನನಗೆ ಜಾಸ್ತಿ ಭರವಸೆ ಮೂಡಿಸಿದ್ದು ಮುಂಬೈನ ಟಾಟಾ ಆಸ್ಪತ್ರೆ ಮುಂದಾಳತ್ವದ ಟ್ರಯಲ್. ಸುಮಾರು 1,600 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ, ಗಡ್ಡೆ ತೆಗೆಯುವ ಕೆಲವೇ ನಿಮಿಷ ಮೊದಲು ಅದರ ಸುತ್ತ ಲಿಗ್ನೊಕೇನ್ ಚುಚ್ಚಿದರು. ಹೌದು, ಹಲ್ಲು ಕೀಳುವಾಗ ಕೊಡುವ ಅದೇ ಮರಗಟ್ಟಿಸುವ ಔಷಧಿ. ಐದು ವರ್ಷದ ನಂತರ ಬದುಕಿದ್ದವರು ಚುಚ್ಚಿಸಿಕೊಂಡವರಲ್ಲಿ ಶೇ. 90.1, ಉಳಿದವರಲ್ಲಿ ಶೇ. 86.4. ಇದು ಗಾಯ ಮಾಯುವ ಹೊತ್ತಿನ ಕಥೆಯಲ್ಲ, ಗಡ್ಡೆಯನ್ನು ಮುಟ್ಟಿ ಎಳೆದಾಡುವ ಹೊತ್ತಿನದು. ಆದರೂ ಆಪರೇಷನ್ನಿನ ಆ ಒಂದೆರಡು ಗಂಟೆಗೆ ಬೆಲೆಯಿದೆ ಎಂದು ತೋರಿಸಿತು.

ಇಷ್ಟೆಲ್ಲ ಕೇಳಿದ ಮೇಲೂ ಚಿಕ್ಕಮ್ಮ ಬಿಡುವುದಿಲ್ಲ. "ಹಂಗಾದ್ರೆ ಆಪರೇಷನ್ ಮುಂದಕ್ಕೆ ಹಾಕೋಣ್ವಾ?"

"ಬೇಡಮ್ಮ. ಮಲಗಿರೋ ಕೋಶಗಳಿಗೆ ಕೀಮೋ ಇದೆ, ಹಾರ್ಮೋನ್ ಮಾತ್ರೆ ಇದೆ. ಗಡ್ಡೆನ ನಾನು ಗುರುವಾರ ತೆಗೀತೀನಿ."