ಇಪ್ಪತ್ತೆಂಟು ಮೂಲೆಯ ಊರು

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಟಸ್ಕೀಗಿ ಅಂತ ಒಂದು ಪುಟ್ಟ ಊರಿದೆ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ 1913ರಲ್ಲಿ ಹುಟ್ಟಿದ್ದು ಇಲ್ಲೇ. ಹತ್ತಿ ಬೆಳೆದು ಸತ್ವ ಕಳೆದುಕೊಂಡ ಹೊಲಗಳಲ್ಲಿ ಕಡಲೆಕಾಯಿ ಹಾಕಿ ಎಂದು ಬಡ ರೈತರಿಗೆ ಹೇಳಿಕೊಟ್ಟ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕೊನೆಯವರೆಗೂ ದುಡಿದದ್ದೂ ಇಲ್ಲೇ. ಎರಡನೇ ಮಹಾಯುದ್ಧದ ಕಪ್ಪು ಪೈಲಟ್‌ಗಳು ವಿಮಾನ ಹಾರಿಸಲು ಕಲಿತದ್ದೂ ಇಲ್ಲೇ. ಆದರೆ ಈ ಊರಿನ ವಿಷಯ ಬಂದಾಗ ನನಗೆ ಮೊದಲು ನೆನಪಾಗುವುದು ಅದರ ಗಡಿ.

ಕಥೆ ಶುರುವಾಗುವುದು ವೋಟಿನಿಂದ. ಲೂಯಿಸ್ ಆಡಮ್ಸ್ ಗುಲಾಮರಾಗಿ ಹುಟ್ಟಿದವರು, ತಗಡಿನ ಕೆಲಸ ಮಾಡುತ್ತಿದ್ದವರು. ಊರಿನ ಕಪ್ಪು ಜನ ಅವರ ಮಾತಿಗೆ ಬೆಲೆ ಕೊಡುತ್ತಿದ್ದರು. 1880ರಲ್ಲಿ ಬಿಳಿಯ ಅಭ್ಯರ್ಥಿಯೊಬ್ಬರು ಅವರ ಬೆಂಬಲ ಕೇಳಿ ಬಂದರು. ಆಡಮ್ಸ್ ತಮಗಾಗಿ ಏನೂ ಕೇಳಲಿಲ್ಲ, ಒಂದು ಶಾಲೆ ಕೇಳಿದರು. ಶಿಕ್ಷಕರ ಸಂಬಳಕ್ಕೆ ವರ್ಷಕ್ಕೆ 2,000 ಡಾಲರ್ ಮಂಜೂರಾಯಿತು. 1881ರ ಜುಲೈ 4ರಂದು ಬುಕರ್ ಟಿ. ವಾಷಿಂಗ್ಟನ್ ಎಂಬ ಕಪ್ಪು ಶಿಕ್ಷಕರು ಪಾಠ ಶುರು ಮಾಡಿದರು. ಕಟ್ಟಡಕ್ಕೆ ದುಡ್ಡಿರಲಿಲ್ಲ. ಮಕ್ಕಳೇ ಇಟ್ಟಿಗೆ ಸುಟ್ಟು ಕಟ್ಟಿದರು. ಅದೇ ಮುಂದೆ ಟಸ್ಕೀಗಿ ಇನ್‌ಸ್ಟಿಟ್ಯೂಟ್ ಆಯಿತು. 1896ರಲ್ಲಿ ಕಾರ್ವರ್ ಅವರನ್ನು ಕರೆಸಿಕೊಂಡದ್ದೂ ವಾಷಿಂಗ್ಟನ್ ಅವರೇ.

1901ರಲ್ಲಿ ರಾಜ್ಯದ ಹೊಸ ಸಂವಿಧಾನ ಬಂತು. ಓದಿನ ಪರೀಕ್ಷೆ, ವೋಟಿನ ತೆರಿಗೆ ಅಂತೆಲ್ಲ ಅಡ್ಡಿ ಹಾಕಿ ಕಪ್ಪು ಜನರ ವೋಟನ್ನು ಕಿತ್ತುಕೊಂಡರು. ಶಾಲೆ ಕೊಡಿಸಿದ ವೋಟೇ ಹೋಯಿತು. ಆದರೆ ಆ ಶಾಲೆಯಲ್ಲಿ ಓದಿದವರು, ಪಾಠ ಮಾಡುವವರು ಸುಮ್ನೆ ಕೂರಲಿಲ್ಲ. ಹಟ ಹಿಡಿದು ಒಬ್ಬೊಬ್ಬರಾಗಿ ಹೆಸರು ನೋಂದಾಯಿಸಿದರು. 1957ರ ಹೊತ್ತಿಗೆ ಊರಿನಲ್ಲಿ ಸುಮಾರು 400 ಕಪ್ಪು ಮತದಾರರಿದ್ದರು.

ಆಗ ಸ್ಯಾಮ್ ಎಂಗಲ್‌ಹಾರ್ಟ್ ಎಂಬ ರಾಜ್ಯ ಸೆನೆಟರ್ ಊರಿನ ಗಡಿಯನ್ನೇ ಬದಲಿಸುವ ಕಾನೂನು ತಂದರು. ಚೌಕಾಕಾರದ ಊರಿಗೆ ಏಕಾಏಕಿ 28 ಬದಿಗಳು ಬಂದವು. 400 ಮಂದಿಯಲ್ಲಿ ಒಳಗೆ ಉಳಿದದ್ದು ನಾಲ್ಕೋ ಐದೋ ಜನ. ಬಿಳಿಯ ಮತದಾರರಲ್ಲಿ ಒಬ್ಬರೂ ಹೊರಗೆ ಹೋಗಲಿಲ್ಲ. ಇನ್‌ಸ್ಟಿಟ್ಯೂಟ್ ಕೂಡ ಗೆರೆಯ ಆಚೆಗೆ ಬಿತ್ತು. ಮನೆ ಇದ್ದಲ್ಲೇ ಇದೆ, ಊರು ಮಾತ್ರ ನಮ್ಮದಲ್ಲ. ಎಂಥ ಅನ್ಯಾಯ ಅಲ್ವಾ?

ಜನ ಬಿಳಿಯರ ಅಂಗಡಿಗಳಿಗೆ ಹೋಗುವುದನ್ನೇ ಬಿಟ್ಟರು. ಎಷ್ಟೋ ಅಂಗಡಿಗಳು ಬಾಗಿಲು ಹಾಕಿದವು. ಮುಂದೆ ನಿಂತವರು ಇನ್‌ಸ್ಟಿಟ್ಯೂಟ್‌ನ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್. ಹೊಸ ಗಡಿಯ ವಿರುದ್ಧ ಅವರು ಕೋರ್ಟಿಗೂ ಹೋದರು. ಅವರ ವಕೀಲ ಫ್ರೆಡ್ ಗ್ರೇ, ರೋಸಾ ಪಾರ್ಕ್ಸ್ ಪರವಾಗಿಯೂ ವಾದಿಸಿದವರು. ಕೆಳಗಿನ ಎರಡು ಕೋರ್ಟುಗಳಲ್ಲಿ ಸೋಲಾಯಿತು. ಊರಿನ ಗಡಿ ರಾಜ್ಯಕ್ಕೆ ಬಿಟ್ಟ ವಿಷಯ ಎಂದರು ನ್ಯಾಯಾಧೀಶರು. ಆದರೆ 1960ರ ನವೆಂಬರ್ 14ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಗೊಮಿಲಿಯನ್ ಪರ ನಿಂತರು. ಬಣ್ಣ ನೋಡಿ ವೋಟು ಕಿತ್ತುಕೊಳ್ಳಲು ಗಡಿ ಎಳೆಯುವ ಅಧಿಕಾರ ರಾಜ್ಯಕ್ಕೆ ಇಲ್ಲ ಎಂದರು.

ಮರುವರ್ಷ ಹಳೆಯ ಗಡಿ ವಾಪಸ್ ಬಂತು. ಇನ್‌ಸ್ಟಿಟ್ಯೂಟ್ ಮತ್ತೆ ಊರಿನೊಳಗಾಯಿತು. 1964ರಲ್ಲಿ ನಗರಸಭೆಗೆ ಕಪ್ಪು ಸದಸ್ಯರು ಆರಿಸಿ ಬಂದರು. 1972ರಲ್ಲಿ ಜಾನಿ ಫೋರ್ಡ್ ಊರಿನ ಮೊದಲ ಕಪ್ಪು ಮೇಯರ್ ಆದರು.